ನಿದ್ದೆ ಮಾಡು ಪುಟ್ಟಿ, ಲಾಗ್ ಎಲ್ಲರೂ ನೋಡಲಿ

ಪ್ರೀತಿಯ ಪುಟ್ಟಿ,

ಸಾಗರದಲ್ಲಿ ಮಳೆ ಬಿಡುವ ಲಕ್ಷಣವೇ ಇಲ್ಲ. ತೋಟಕ್ಕೆ ಮೊದಲ ಸಲದ ಕೊಳೆ ಔಷಧಿ ಹೇಗೋ ಹೊಡೆಸಿ ಆಯಿತು. ಎರಡನೆಯ ಸಲಕ್ಕೆ ಕೊನೆಗಾರ ಸಿಕ್ಕರೂ ಹೊಳವು ಸಿಗುತ್ತಿಲ್ಲ. ತುಮರಿ ಅತ್ತೆ ಮಾತ್ರ ಭಾರೀ ಗೆಲುವಾಗಿದ್ದಾರೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಲಾಂಚಿನ ಹೊತ್ತು ನೋಡಿಕೊಂಡು ಓಡಿ ಬರುವ ಕಷ್ಟ ಅವರಿಗೆ ತಪ್ಪಿದೆ, ಮನಸ್ಸು ಬಂದಾಗಲೆಲ್ಲ ಪೇಟೆಗೆ ಬಂದು ನಮ್ಮಲ್ಲಿ ಊಟ ಮಾಡಿ ಹೋಗುತ್ತಾರೆ. ಹೀಗೆ ಇಲ್ಲಿ ಎಲ್ಲರೂ ಸೌಖ್ಯ. ಸೌಖ್ಯ ಇಲ್ಲದವಳು ನೀನೊಬ್ಬಳೇ ಅಂತ ಚಿಕ್ಕಮ್ಮನ ದೂರು.

ಫೋನಿನಲ್ಲಿ ಅವರು ಹೇಳಿದ್ದು ಹೀಗೆ: "ಕಪ್ಪು ಪರದೆ ಮೇಲೆ ಬಿಳಿ ಅಕ್ಷರ ಸುಮ್ನೆ ಮೇಲೆ ಹೋಗ್ತಾ ಇರ್ತದೆ. ಇವಳು ಅದನ್ನೇ ನೋಡ್ತಾ ಕೂರ್ತಾಳೆ. ಅನ್ನ ಆರಿ ಹೋದ್ರೂ ಗೊತ್ತಾಗೋದಿಲ್ಲ. ಎಂಥಾ ಕಾಯಿಲೆ ಇದು?" ಕಾಯಿಲೆ ಅಲ್ಲ ಚಿಕ್ಕಮ್ಮಾ, ಅವಳ ಕೆಲಸವೇ ಅದು, ಸರ್ವರ್ ಬರೆಯುವ ಲಾಗ್ ಓದುತ್ತಾಳೆ ಅಂತ ಸಮಾಧಾನ ಮಾಡಿದೆ. ಆದರೆ ಫೋನ್ ಇಟ್ಟ ಮೇಲೆ ನನಗೇ ಸಮಾಧಾನ ಆಗಲಿಲ್ಲ. ಕೆಲಸದಲ್ಲಿ ನೀನು ಗಟ್ಟಿ, ಅದು ನನಗೆ ಗೊತ್ತು. ಆದರೆ ನಿಮ್ಮ ಇಡೀ ಅಡಿಕೆ ಸೊಸೈಟಿಯಲ್ಲಿ ಆ ಪರದೆ ಕಾಣುವುದು ನಿನಗೊಬ್ಬಳಿಗೇ ಅಂದರೆ ಅದು ನಿನ್ನ ಹೆಮ್ಮೆಯಲ್ಲ, ನಿನ್ನ ತಲೆಯ ಮೇಲಿನ ಹೊರೆ.

ನೀನೇ ಹೇಳಿದ್ದೆಯಲ್ಲ, ದಿನ ಹೇಗಿರುತ್ತದೆ ಅಂತ. ತೀರ್ಥಹಳ್ಳಿಯ ಮುಖ್ಯ ಕಚೇರಿಯಲ್ಲಿ ನೀನು ಕೂತಿರುತ್ತೀ. ಹೊಸನಗರದ ಶಾಖೆಯಿಂದ ಫೋನ್ ಬರುತ್ತದೆ, "ಮೇಡಂ, ರಸೀದಿ ಬರ್ತಾ ಇಲ್ಲ". ಸಾಗರದಿಂದ ಇನ್ನೊಂದು, "ಸಾಫ್ಟ್‌ವೇರ್ ಹ್ಯಾಂಗ್ ಆಗಿದೆ". ಎದುರಿಗೆ ಅಡಿಕೆ ತಂದವರು ನಿಂತಿರುತ್ತಾರೆ, ಗುಮಾಸ್ತರಿಗೆ ಏನು ಉತ್ತರ ಹೇಳಬೇಕೋ ತಿಳಿಯುವುದಿಲ್ಲ. ಆಗ ನೀನು ಲ್ಯಾಪ್‌ಟಾಪ್ ತೆರೆದು, ಎಸ್‌ಎಸ್‌ಎಚ್ ಕೀ ಹಾಕಿ ಮುಂಬೈಯ ಡೇಟಾ ಸೆಂಟರ್‌ನಲ್ಲಿರುವ ಬಾಡಿಗೆ ಯಂತ್ರದ ಒಳಗೆ ಹೋಗಿ, ಓಡುವ ಸಾಲುಗಳಲ್ಲಿ ಹುಡುಕುತ್ತೀ. ಕೀ ಇರುವುದು ನಿನ್ನ ಹತ್ತಿರ ಮಾತ್ರ. ನಿನಗೆ ಜ್ವರ ಬಂದರೆ ಮೂರು ತಾಲ್ಲೂಕಿನ ಸೊಸೈಟಿ ಕುರುಡಾಗಿ ಕೂರಬೇಕು. ಇದು ಸರಿಯಲ್ಲ ಪುಟ್ಟಿ.

ಎಲ್ಲರಿಗೂ ಕೀ ಹಂಚು ಅಂತ ನಾನು ಹೇಳುತ್ತಿಲ್ಲ, ಅದಂತೂ ಬೇಡವೇ ಬೇಡ. ಲಾಗ್ ಅನ್ನು ಬ್ರೌಸರಿನಲ್ಲಿ ಕಾಣುವ ಹಾಗೆ ಮಾಡು. ಹೊಸನಗರದ ಗುಮಾಸ್ತರೂ ಸಾಗರದ ಮ್ಯಾನೇಜರೂ ತಮ್ಮ ಕುರ್ಚಿಯಲ್ಲೇ ಕೂತು, ಈ ಕ್ಷಣ ಸರ್ವರ್ ಏನು ಮಾಡುತ್ತಿದೆ ಅಂತ ಓದಲಿ. ಓದಲಿ ಅಷ್ಟೇ, ಏನನ್ನೂ ಮುಟ್ಟಲು ಬರಬಾರದು. ಏನಾಗುತ್ತಿದೆ ಅನ್ನುವುದು ನಾಲ್ಕು ಜನರಿಗೆ ಗೊತ್ತಿದ್ದರೆ ಗಾಬರಿಯೂ ನಾಲ್ಕು ಪಾಲಾಗುತ್ತದೆ. ಈ ಕಾಗದ ಬರೆಯುತ್ತಿರುವುದು ಅದೊಂದನ್ನು ಹೇಳುವುದಕ್ಕೇ.

"ಅವರಿಗೆಲ್ಲ ಲಾಗ್ ಅರ್ಥ ಆಗತ್ತಾ ಅಕ್ಕಾ?" ಅಂತ ನೀನು ಕೇಳುತ್ತೀ, ಗೊತ್ತು. ಆಗುತ್ತದೆ ಮಾರಾಯ್ತಿ. ನಮ್ಮ ಕಡೆಯವರು ಹುಟ್ಟಿನಿಂದಲೂ ಇಂಥದ್ದನ್ನು ಓದಿಕೊಂಡೇ ಬಂದವರು. ಮಳೆಗಾಲ ಬಂತೆಂದರೆ ಸಾಗರದಲ್ಲಿ ಬೆಳಿಗ್ಗೆ ಪೇಪರ್ ಬಿಡಿಸಿ ಮೊದಲು ನೋಡುವುದು ಲಿಂಗನಮಕ್ಕಿ ಎಷ್ಟಾಯಿತು ಅಂತ. 1964ರಲ್ಲಿ ಆದ ಆ ಅಣೆಕಟ್ಟಿನ ಗರಿಷ್ಠ ಮಟ್ಟ 1819 ಅಡಿ ಅನ್ನುವುದು ಇಲ್ಲಿ ಎಲ್ಲರಿಗೂ ಬಾಯಿಪಾಠ. ಹೊಸನಗರದ ಕಡೆ ಮಾಣಿ ಡ್ಯಾಮಿನ ಲೆಕ್ಕ ಮೀಟರಿನಲ್ಲಿ, ತುಂಬಿದರೆ 594.36. ನಿಮ್ಮ ತೀರ್ಥಹಳ್ಳಿಯಲ್ಲಿ ಅಂಕಿ ಬೇಡ, ಹೊಳೆಯಲ್ಲಿ ರಾಮಮಂಟಪ ಎಷ್ಟು ಮುಳುಗಿತು ಅಂತ ನೋಡಿದರೆ ತುಂಗೆಯ ಸ್ಥಿತಿ ತಿಳಿಯುತ್ತದೆ. ಇನ್ನು ಮಳೆಯ ಲೆಕ್ಕವಂತೂ ನಿಜಕ್ಕೂ ಲೈವ್. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಟ್ಟಿರುವ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ತಾವೇ ಲೆಕ್ಕ ಕಳಿಸುತ್ತವೆ. ಆಗುಂಬೆಯಲ್ಲಿ ಎಷ್ಟು ಬಿತ್ತು, ಹುಲಿಕಲ್ಲಿನಲ್ಲಿ ಎಷ್ಟು ಬಿತ್ತು ಅಂತ ನಮ್ಮ ಭಾವ ಚಾ ಲೋಟ ಹಿಡಿದುಕೊಂಡೇ ಮೊಬೈಲಿನಲ್ಲಿ ನೋಡುತ್ತಾರೆ. ಯಂತ್ರವೊಂದು ತನ್ನಷ್ಟಕ್ಕೆ ಬರೆಯುತ್ತಾ ಹೋಗುವ ಸಾಲನ್ನು ದೂರದಲ್ಲಿ ಕೂತು ಓದಿ, ಇವತ್ತು ಗದ್ದೆಗೆ ಇಳಿಯಬೇಕೋ ಬೇಡವೋ ಅಂತ ತೀರ್ಮಾನ ಮಾಡುವ ಜನ ಇವರು. ನಿನ್ನ ಸರ್ವರಿನ ಲಾಗ್ ಯಾವ ದೊಡ್ಡ ವಿದ್ಯೆ?

ಆದರೆ ಆ ಪೇಪರಿನವರಿಂದ ನೀನು ಕಲಿಯಬೇಕಾದದ್ದು ಒಂದಿದೆ. ಅವರು "ಇವತ್ತಿನ ಮಟ್ಟ ಇಷ್ಟು" ಅಂತ ಬರೆದು ಸುಮ್ಮನಾಗುವುದಿಲ್ಲ. ಗರಿಷ್ಠ ಎಷ್ಟು, ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು, ಹೋದ ವರ್ಷ ಇದೇ ದಿನ ಎಷ್ಟಿತ್ತು, ಎಲ್ಲವನ್ನೂ ಪಕ್ಕದಲ್ಲೇ ಕೊಡುತ್ತಾರೆ. ಅದಕ್ಕೇ ಓದಿದವರಿಗೆ ಅರ್ಥವಾಗುವುದು. ನಿಮ್ಮ ಸಾಫ್ಟ್‌ವೇರ್ ಬರೆಯುವ "ಎರರ್: ಏನೋ ತಪ್ಪಾಗಿದೆ" ಅನ್ನುವ ಸಾಲು ಯಾರಿಗೆ ಏನು ಹೇಳೀತು? ಅದರ ಬದಲು "09:12:41, ಹೊಸನಗರ ಶಾಖೆ, ರಸೀದಿ ಮುದ್ರಣ, ಡೇಟಾಬೇಸಿನ ಉತ್ತರಕ್ಕೆ 30 ಸೆಕೆಂಡ್ ಕಾದು ಕೈಬಿಟ್ಟಿದೆ" ಅಂತ ಇದ್ದರೆ ಗುಮಾಸ್ತರೂ ಓದುತ್ತಾರೆ. ಎಷ್ಟು ಹೊತ್ತಿಗೆ, ಎಲ್ಲಿಂದ, ಯಾವ ಕೆಲಸ, ಏನಾಯಿತು. ಈ ನಾಲ್ಕೂ ಪ್ರತಿ ಸಾಲಿನಲ್ಲಿ ಬರುವ ಹಾಗೆ ಮೊದಲು ಸಾಫ್ಟ್‌ವೇರ್ ಸರಿಮಾಡಿಸಿಕೋ. ಲಾಗ್ ತೋರಿಸುವ ಟೂಲ್ ಎಷ್ಟು ಚೆಂದ ಇದ್ದರೂ ಸಾಲಿನಲ್ಲಿ ಹುರುಳಿಲ್ಲದಿದ್ದರೆ ಪ್ರಯೋಜನವಿಲ್ಲ.

ಈಗ ಟೂಲ್ ವಿಷಯ. ನಿಮ್ಮದೆಲ್ಲ ಡಾಕರ್ ಕಂಟೇನರ್‌ಗಳಲ್ಲಿ ಓಡುತ್ತಿರುವುದರಿಂದ ಡಾಜಲ್ ಸಾಕು ಅಂತ ನನಗನ್ನಿಸುತ್ತದೆ. ಸಣ್ಣದು, ಉಚಿತ, ಅದೂ ಒಂದು ಕಂಟೇನರ್ ಅಷ್ಟೇ. ಲೋಕಿ, ಗ್ರಫಾನ ಅಂತ ದೊಡ್ಡ ವ್ಯವಸ್ಥೆಗಳಿವೆ, ಬೇಡ ಅನ್ನುವುದಿಲ್ಲ. ಆದರೆ ಮೂರು ಶಾಖೆಯ ಒಂದು ಯಂತ್ರಕ್ಕೆ ಅಷ್ಟನ್ನು ಕಟ್ಟಿ, ಅದನ್ನು ಸಾಕುವ ಕೆಲಸವೂ ನಿನ್ನ ಮೇಲೇ ಬಿದ್ದರೆ ನಾನು ಈ ಕಾಗದ ಬರೆದದ್ದೇ ದಂಡ. ಡಾಜಲ್ ಮಾಡುವ ಕೆಲಸ ಸರಳ. ಟರ್ಮಿನಲ್‌ನಲ್ಲಿ ಟೇಲ್ ಆಜ್ಞೆಗೆ ಎಫ್ ಸೇರಿಸಿ ನೀನು ನೋಡುತ್ತೀಯಲ್ಲ, ಹೊಸ ಸಾಲು ಬಂದ ಹಾಗೆ ಕೆಳಗೆ ಸೇರುತ್ತಾ ಹೋಗುತ್ತದೆ, ಅದನ್ನೇ ಬ್ರೌಸರಿಗೆ ತಲುಪಿಸುತ್ತದೆ. ಡಾಕರನ್ನು ಕೇಳಿ ಸಾಲುಗಳನ್ನು ಪಡೆಯುತ್ತದೆ, ಒಮ್ಮೆ ತೆರೆದ ಸಂಪರ್ಕವನ್ನು ಮುಚ್ಚದೆ ಅದರ ಮೇಲೇ ಒಂದೊಂದಾಗಿ ಕಳಿಸುತ್ತಾ ಇರುತ್ತದೆ. ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡಬೇಕಾಗಿಲ್ಲ. ಹುಡುಕುವುದಕ್ಕೆ ಜಾಗ ಇದೆ, ಎರಡು ಕಂಟೇನರ್‌ಗಳ ಲಾಗನ್ನು ಅಕ್ಕಪಕ್ಕ ಇಟ್ಟು ನೋಡುವುದಕ್ಕೂ ಬರುತ್ತದೆ. ಕಳಿಸುವುದು ಬರೀ ಅಕ್ಷರವಾದ್ದರಿಂದ ನಮ್ಮ ಕಡೆಯ ಬಡಕಲು ನೆಟ್‌ವರ್ಕೂ ತಡೆದುಕೊಳ್ಳುತ್ತದೆ.

ಡಾಕರಿನ ಹೊರಗೆ ಫೈಲಿಗೆ ಬರೆಯುವ ಆ ಹಳೇ ತೂಕದ ಪ್ರೋಗ್ರಾಮ್ ಇದೆಯಲ್ಲ, ಅದನ್ನು ನೋಡುವಾಗ ಮಾತ್ರ ಸಣ್ಣ ಎಫ್ ಬದಲು ದೊಡ್ಡ ಎಫ್ ಹಾಕು. ರಾತ್ರಿ ಲಾಗ್‌ರೊಟೇಟ್ ಹಳೇ ಫೈಲಿನ ಹೆಸರು ಬದಲಿಸಿ ಹೊಸತನ್ನು ಶುರುಮಾಡುತ್ತದೆ. ಸಣ್ಣ ಎಫ್ ಹಳೆಯದನ್ನೇ ಹಿಡಿದುಕೊಂಡು ಕೂರುತ್ತದೆ, ಬೆಳಿಗ್ಗೆ ನೋಡಿದವರಿಗೆ ಎಲ್ಲ ನಿಂತೇ ಹೋಗಿದೆ ಅನ್ನಿಸುತ್ತದೆ. ದೊಡ್ಡ ಎಫ್ ಹೆಸರನ್ನು ಹಿಂಬಾಲಿಸಿ ಹೊಸ ಫೈಲಿಗೆ ದಾಟಿಕೊಳ್ಳುತ್ತದೆ.

ಒಂದು ಕಡೆ ನೀನು ಖಂಡಿತ ತಲೆ ಕೆರೆದುಕೊಳ್ಳುತ್ತೀ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಡಾಜಲ್ ಮುಂದೆ ಎಂಜಿನ್‌ಎಕ್ಸ್ ಇಟ್ಟ ಕೂಡಲೇ ಲಾಗ್ ಲೈವ್ ಆಗಿ ಬರುವುದು ನಿಲ್ಲಬಹುದು. ಪುಟ ತೆರೆಯುತ್ತದೆ, ಸಾಲು ಬರುವುದಿಲ್ಲ. ಕಾದು ಕಾದು ಎದ್ದು ಹೋಗಬೇಕು ಅನ್ನುವಾಗ ಒಂದು ರಾಶಿ ಒಟ್ಟಿಗೆ ಬಂದು ಬೀಳುತ್ತದೆ. ಸರ್ವರ್ ಕೆಟ್ಟಿರುವುದಿಲ್ಲ. ಎಂಜಿನ್‌ಎಕ್ಸ್ ತನ್ನ ಅಭ್ಯಾಸದಂತೆ ಹಿಂದಿನಿಂದ ಬಂದದ್ದನ್ನು ಸ್ವಲ್ಪ ಕೂಡಿಟ್ಟುಕೊಂಡು ಮುಂದಕ್ಕೆ ಕೊಡುತ್ತದೆ. ಮಾಮೂಲಿ ಪುಟಗಳಿಗೆ ಅದು ಒಳ್ಳೆಯದೇ, ಲೈವ್ ಲಾಗಿಗೆ ಮಾತ್ರ ಆಗಿ ಬರುವುದಿಲ್ಲ. ಆ ಜಾಗಕ್ಕೆ ಪ್ರಾಕ್ಸಿ ಬಫರಿಂಗ್ ಆಫ್ ಅಂತ ಬರೆದುಬಿಡು. ಇನ್ನೊಂದು, ಹಿಂದಿನಿಂದ 60 ಸೆಕೆಂಡ್ ಏನೂ ಬರದಿದ್ದರೆ ಎಂಜಿನ್‌ಎಕ್ಸ್ ತಾನಾಗಿ ಸಂಪರ್ಕ ಕಡಿದುಬಿಡುತ್ತದೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಶಾಖೆಗಳಲ್ಲಿ ಕೆಲಸವಿಲ್ಲದೆ ಲಾಗ್ ಮೌನವಾಗಿರುತ್ತದಲ್ಲ, ಆಗ ಹೀಗಾಗಬಹುದು. ಆ ಕಾಯುವ ಅವಧಿಯನ್ನೂ ಹೆಚ್ಚಿಸಿಡು.

ಸಮಯದ ವಿಷಯದಲ್ಲೂ ಹುಷಾರು. ಸಾಫ್ಟ್‌ವೇರ್ ಸಾಲಿನೊಳಗೆ ತಾನೇ ಬರೆಯುವ ಸಮಯ ಬಹಳ ಸಲ ಯುಟಿಸಿಯಲ್ಲಿರುತ್ತದೆ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಗುಮಾಸ್ತರು "ಒಂಬತ್ತೂ ಹತ್ತಕ್ಕೆ ನಿಂತು ಹೋಯ್ತು" ಅನ್ನುತ್ತಾರೆ, ಲಾಗಿನಲ್ಲಿ 03:40 ಅಂತ ಇರುತ್ತದೆ. ಗೊತ್ತಿಲ್ಲದವರು ಇದನ್ನು ಹಿಂದಿನ ರಾತ್ರಿಯ ತೊಂದರೆ ಅಂತ ಪಕ್ಕಕ್ಕಿಡುತ್ತಾರೆ. ಎಲ್ಲರೂ ಓದುವ ಲಾಗಿನಲ್ಲಿ ಭಾರತದ ಸಮಯವೇ ಕಾಣಲಿ. ಯಂತ್ರದ ಗಡಿಯಾರವೂ ಸರಿಯಾಗಿರಲಿ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಲ್ಲಿ ಗಡಿಯಾರವನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿಡಬೇಕು ಅಂತಲೇ ಹೇಳಿದೆ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ಲಾಗಿನಲ್ಲಿ ಕೆಂಪು ಸಾಲು ಬಂದಾಗ ಎಲ್ಲರೂ ನೋಡುತ್ತಾರೆ. ಸಾಲೇ ಬಾರದಿದ್ದಾಗ ನೋಡುವುದನ್ನು ಕಲಿಯಬೇಕು. ಹೊಸನಗರದಿಂದ "ಸರ್ವರ್ ಡೌನ್" ಅಂತ ಫೋನ್ ಬಂತು ಅಂದುಕೋ. ಲಾಗ್ ತೆರೆದರೆ ಸಾಗರದ ರಸೀದಿಗಳು ಆರಾಮಾಗಿ ಆಗುತ್ತಿವೆ, ತೀರ್ಥಹಳ್ಳಿಯ ಸಾಲುಗಳೂ ಬರುತ್ತಿವೆ, ಹೊಸನಗರದ್ದು ಮಾತ್ರ ಹತ್ತು ನಿಮಿಷದಿಂದ ಒಂದೂ ಇಲ್ಲ. ಹಾಗಾದರೆ ಸರ್ವರಿಗೆ ಏನೂ ಆಗಿಲ್ಲ. ಎಲ್ಲೋ ದಾರಿಯಲ್ಲಿ ಕಂಬದ ಮೇಲೆ ಮರ ಬಿದ್ದು ಫೈಬರ್ ತುಂಡಾಗಿದೆ, ಇಲ್ಲವೇ ಕರೆಂಟ್ ಹೋಗಿ ಬ್ಯಾಟರಿಯೂ ಮುಗಿದು ಟವರ್ ಮಲಗಿದೆ. ನೀನು ಮುಂಬೈಯ ಯಂತ್ರವನ್ನು ರಾತ್ರಿಯಿಡೀ ತಡಕಾಡಿದರೂ ಅದು ಸರಿಯಾಗುವುದಿಲ್ಲ. ಸರಿಮಾಡಬೇಕಾದವರು ಲೈನಿನವರು.

ನಮ್ಮ ಊರುಗಳ ನೆಟ್‌ವರ್ಕಿನ ಕಥೆ ನಿನಗೆ ಹೊಸದಲ್ಲ. ಆನ್‌ಲೈನ್ ಕ್ಲಾಸಿನ ಕಾಲದಲ್ಲಿ ಮಕ್ಕಳು ಸಿಗ್ನಲ್ ಸಿಗುವ ಗುಡ್ಡ ಹುಡುಕಿಕೊಂಡು ಕೊಡೆ ಹಿಡಿದು ಕೂತಿದ್ದನ್ನು, ಸಾಗರ ಹೊಸನಗರದ ಹಳ್ಳಿಗಳಲ್ಲಿ "ನೋ ನೆಟ್‌ವರ್ಕ್, ನೋ ವೋಟಿಂಗ್" ಅಂತ ಜನ ಹಟ ಹಿಡಿದದ್ದನ್ನು ನಾವಿಬ್ಬರೂ ನೋಡಿದ್ದೇವೆ. ಅಂಥ ಜಾಗದಲ್ಲಿ ಕೂತು ಕೆಲಸ ಮಾಡುವ ಗುಮಾಸ್ತರಿಗೆ, ತಪ್ಪು ಸಾಫ್ಟ್‌ವೇರಿನದೋ ದಾರಿಯದೋ ಅಂತ ತಿಳಿದರೆ ಎಷ್ಟು ಧೈರ್ಯ ಬರುತ್ತದೆ ಯೋಚನೆ ಮಾಡು. ಆಫೀಸಿನ ನೆಟ್ ಸತ್ತಿದ್ದರೂ ಮೊಬೈಲಿನ ಇನ್ನೊಂದು ಸಿಮ್ಮಿನಲ್ಲಿ ಲಾಗ್ ತೆರೆದು ನೋಡುತ್ತಾರೆ. "ನಮ್ಮ ಸರ್ವರ್ ಸರಿ ಇದೆ, ಲೈನ್ ಹೋಗಿದೆ, ಕೈಯಲ್ಲಿ ರಸೀದಿ ಬರೆದು ಕೊಡ್ತೇನೆ" ಅಂತ ಎದುರಿಗಿದ್ದವರಿಗೆ ನಿಂತು ಹೇಳುತ್ತಾರೆ. ನಿನಗೆ ಫೋನೇ ಬರುವುದಿಲ್ಲ. ಚಿಕ್ಕಮ್ಮ ಬಡಿಸಿದ ಅನ್ನ ಬಿಸಿಯಿರುವಾಗಲೇ ಉಣ್ಣುತ್ತೀ.

ಒಂದು ವಿಷಯದಲ್ಲಿ ಮಾತ್ರ ನಿನ್ನ ಮೇಲೆ ಸ್ವಲ್ಪ ಜೋರು ಮಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಾಲ್ಕು ಜನರಿಗೆ ತೋರಿಸುವ ಮೊದಲು ಲಾಗಿನಲ್ಲಿ ಏನೇನಿದೆ ಅಂತ ಕೂತು ಓದು. ಸದಸ್ಯರ ಮೊಬೈಲ್ ನಂಬರ್, ಆಧಾರ್, ಖಾತೆ ನಂಬರ್, ಓಟಿಪಿ, ಯಾರಿಗೆ ಎಷ್ಟು ಸಾಲ ಅನ್ನುವುದು, ಒಂದೂ ಇರಕೂಡದು. ಬೇಕೇ ಬೇಕಾದರೆ ಕೊನೆಯ ನಾಲ್ಕು ಅಂಕಿ ಸಾಕು, ಮಾಸ್ಕ್ ಮಾಡಿದ ಆಧಾರಿನಲ್ಲೂ ಕಾಣುವುದು ಅಷ್ಟೇ. ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ ಒಳಗಿನ ಲಾಗ್ ಒಂದರಲ್ಲಿ ಪಾಸ್‌ವರ್ಡ್‌ಗಳು ಇದ್ದ ಹಾಗೇ ಬರೆದುಕೊಂಡಿದ್ದು ಗೊತ್ತಾಗಿ, 33 ಕೋಟಿ ಬಳಕೆದಾರರಿಗೂ ಪಾಸ್‌ವರ್ಡ್ ಬದಲಿಸಿಕೊಳ್ಳಿ ಅಂತ ಹೇಳಬೇಕಾಯಿತು. ಯಾರೂ ಕದ್ದದ್ದಲ್ಲ. ಪಾಸ್‌ವರ್ಡನ್ನು ಗುರುತು ಸಿಗದ ಹಾಗೆ ಬದಲಿಸುವ ಮೊದಲೇ ಲಾಗಿಗೆ ಬರೆಯುತ್ತಿದ್ದ ಒಂದು ದೋಷ, ಅಷ್ಟೇ.

ದೊಡ್ಡ ಊರಿನಲ್ಲಿ ಗುಟ್ಟು ಹೊರಬಿದ್ದರೆ ಅದು ಹೋಗುವುದು ಅಪರಿಚಿತರ ಕೈಗೆ. ನಮ್ಮಲ್ಲಿ ಅದು ಹೋಗುವುದು ಪಕ್ಕದ ಮನೆಗೆ. ಮಗಳ ಮದುವೆಗೆ ಅಂತ ಯಾರೋ ಅಡಿಕೆ ಮೇಲೆ ಸಾಲ ತೆಗೆದಿರುತ್ತಾರೆ, ಕಂತು ಕಟ್ಟಲಾಗದೆ ಒಳಗೊಳಗೇ ಬೇಯುತ್ತಿರುತ್ತಾರೆ. ಅದು ಲಾಗಿನ ಒಂದು ಸಾಲಿನಲ್ಲಿ ಹೆಸರಿನ ಸಮೇತ ಓಡಿ, ಅದನ್ನು ಊರಿನವರೇ ಒಬ್ಬರು ಓದಿದರೆ ಆ ಮನೆಯವರು ಮುಂದಿನ ಮದುವೆ ಮನೆಗೆ ತಲೆಯೆತ್ತಿ ಹೋಗುವುದು ಹೇಗೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವುದು ಒಂದು ಕಡೆ ಇರಲಿ. ಸೊಸೈಟಿಯನ್ನು ನಂಬಿ ಬಂದವರ ಮರ್ಯಾದೆ ಕಾಯುವುದು ನಿನ್ನ ಕೈಯಲ್ಲಿದೆ. ಲಾಗಿನಲ್ಲಿ ಸದಸ್ಯರ ಹೆಸರು ಬೇಡ, ಅವರ ಕೆಲಸಕ್ಕೆ ಕೊಟ್ಟ ಒಂದು ಸಂಖ್ಯೆ ಇರಲಿ.

ಬಾಗಿಲು ಭದ್ರ ಮಾಡುವ ಮಾತಿಗೆ ಬರುತ್ತೇನೆ. ಡಾಜಲ್ ಕೆಲಸ ಮಾಡಬೇಕಾದರೆ ಅದಕ್ಕೆ ಡಾಕರಿನ ಸಾಕೆಟ್ ಕೊಡಬೇಕು. ಆ ಸಾಕೆಟ್ ಕೈಗೆ ಸಿಕ್ಕವರಿಗೆ ಇಡೀ ಯಂತ್ರವೇ ಸಿಕ್ಕ ಹಾಗೆ. ಓದುವುದಕ್ಕೆ ಮಾತ್ರ ಅಂತ ಗುರುತು ಹಾಕಿ ಕೊಟ್ಟರೆ ಸಾಕಲ್ಲ ಅಂತ ಕೆಲವರು ನೆಮ್ಮದಿಯಿಂದ ಇರುತ್ತಾರೆ. ಆ ಗುರುತು ಸಾಕೆಟಿನ ಫೈಲಿಗೆ ಮಾತ್ರ ಅನ್ವಯ, ಅದರ ಮೂಲಕ ಹೋಗುವ ಆಜ್ಞೆಗಳನ್ನು ಅದು ತಡೆಯುವುದಿಲ್ಲ. ಹಾಗಾಗಿ ಈ ಪುಟ ಇಂಟರ್‌ನೆಟ್ಟಿನಲ್ಲಿ ಹಾದಿಹೋಕರಿಗೆ ಕಾಣಲೇಬಾರದು. ವೈರ್‌ಗಾರ್ಡ್ ವಿಪಿಎನ್ ಹಾಕಿ, ಮೂರು ಶಾಖೆಯ ಕಂಪ್ಯೂಟರು ಮತ್ತು ನಾಲ್ಕು ಜನರ ಮೊಬೈಲಿಗೆ ಮಾತ್ರ ದಾರಿ ಕೊಡು. ಅದರ ಮೇಲೂ ಒಬ್ಬೊಬ್ಬರಿಗೆ ಬೇರೆ ಬೇರೆ ಹೆಸರು, ಬೇರೆ ಬೇರೆ ಪಾಸ್‌ವರ್ಡ್ ಇರಲಿ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಟ್ಟು ಅದನ್ನು ಕ್ಯಾಲೆಂಡರಿನ ಹಿಂದೆ ಬರೆದಿಡುವ ಪದ್ಧತಿ ನಿಮ್ಮಲ್ಲಿದೆ ಅಂತ ನನಗೆ ಗೊತ್ತು! ಕಂಟೇನರ್ ನಿಲ್ಲಿಸುವ, ಮತ್ತೆ ಶುರುಮಾಡುವ ಗುಂಡಿಗಳು ಡಾಜಲ್‌ನಲ್ಲಿ ನಾವಾಗಿ ಕೇಳಿದರೆ ಮಾತ್ರ ಬರುತ್ತವೆ. ಕೇಳಬೇಡ. ನೋಡುವ ಜಾಗ ನೋಡುವುದಕ್ಕೇ ಇರಲಿ.

ಇನ್ನೊಂದು ಮುನ್ಸೂಚನೆ ಕೊಡದಿದ್ದರೆ ನೀನು ಹೆದರಿ ಕೂರುತ್ತೀ. ಎಂಜಿನ್‌ಎಕ್ಸ್ ಲಾಗನ್ನು ಮೊದಲ ಸಲ ಲೈವ್ ಆಗಿ ತೆರೆದ ರಾತ್ರಿ ಯಾವ್ಯಾವುದೋ ದೇಶದ ವಿಳಾಸಗಳಿಂದ ಸಾಲು ಸಾಲು ಬರುತ್ತವೆ. ನಿಮ್ಮಲ್ಲಿ ಇಲ್ಲವೇ ಇಲ್ಲದ ವರ್ಡ್‌ಪ್ರೆಸ್ಸಿನ ಲಾಗಿನ್ ಪುಟ ಕೇಳುತ್ತವೆ, ಡಾಟ್ ಇಎನ್‌ವಿ ಅನ್ನುವ ಫೈಲ್ ಕೇಳುತ್ತವೆ. ನಿನ್ನನ್ನೇ ಹುಡುಕಿಕೊಂಡು ಬಂದವರಲ್ಲ ಅವರು. ಇಂಟರ್‌ನೆಟ್ಟಿಗೆ ಮುಖ ಮಾಡಿ ನಿಂತ ಎಲ್ಲ ಯಂತ್ರಗಳ ಬಾಗಿಲನ್ನೂ ಹಗಲು ರಾತ್ರಿ ತಟ್ಟುತ್ತಾ ಹೋಗುವ ಪ್ರೋಗ್ರಾಮ್‌ಗಳು. ಸಾಲಿನಲ್ಲಿ ಅವರು ಕೇಳಿದ್ದರ ಪಕ್ಕದಲ್ಲೇ ಇರುವ ಮೂರಂಕಿಯ ಸಂಖ್ಯೆ ನೋಡು. 404 ಇದ್ದರೆ "ಅಂಥದ್ದು ಇಲ್ಲಿಲ್ಲ" ಅಂತ ನಿನ್ನ ಸರ್ವರ್ ಹೇಳಿ ಕಳಿಸಿದೆ, ಮಗ್ಗುಲಾಗಿ ಮಲಗು. ಡಾಟ್ ಇಎನ್‌ವಿ ಪಕ್ಕದಲ್ಲಿ 200 ಕಂಡರೆ ಮಾತ್ರ ಎದ್ದು ಕೂರು. ಆ ಫೈಲಿನಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಇರುತ್ತದೆ, ಅದು ಹೊರಗೆ ಹೋಗಿರಬಹುದು ಅಂತ ಅರ್ಥ.

ಹೊರಗಿನವರು ಕಳಿಸಿದ ಅಕ್ಷರಗಳು ನಮ್ಮ ಲಾಗಿನೊಳಗೆ ಬಂದು ಕೂರುತ್ತವೆ ಅನ್ನುವುದನ್ನೂ ಮರೆಯಬೇಡ. 2021ರ ಡಿಸೆಂಬರಿನಲ್ಲಿ ಜಗತ್ತಿನ ಅರ್ಧ ಸಾಫ್ಟ್‌ವೇರಿನವರ ನಿದ್ದೆ ಕೆಡಿಸಿದ ಲಾಗ್‌ಫೋರ್‌ಜೆ ದೋಷ ಅದೇ. ಹೊರಗಿನವರು ಬರೆದು ಕಳಿಸಿದ್ದನ್ನು ಬರೀ ಅಕ್ಷರ ಅಂತ ಬರೆದಿಟ್ಟುಕೊಳ್ಳುವ ಬದಲು ಆ ಲೈಬ್ರರಿ ಅದನ್ನು ಆಜ್ಞೆ ಅಂತ ತಿಳಿದು ನಡೆಸಿತು. ನಿಮ್ಮ ಸಾಫ್ಟ್‌ವೇರ್ ಜಾವಾದಲ್ಲಿದ್ದರೆ ಯಾವ ಆವೃತ್ತಿ ಇದೆ ಅಂತ ಒಮ್ಮೆ ಕೇಳಿಡು. ಮುಂದೆಂದಾದರೂ ಲಾಗ್ ತೋರಿಸುವ ಪುಟವನ್ನು ನೀನೇ ಬರೆಯುವುದಾದರೆ, ಸಾಲಿನಲ್ಲಿ ಏನೇ ಬಂದರೂ ಅದು ಅಕ್ಷರವಾಗಿಯೇ ಕಾಣಬೇಕು, ಬ್ರೌಸರಿನಲ್ಲಿ ಓಡಬಾರದು.

ಉಳಿಸಿಡುವ ವಿಷಯ ಬೇಗ ಹೇಳುತ್ತೇನೆ. ಡಾಜಲ್ ತಾನಾಗಿ ಏನನ್ನೂ ಕೂಡಿಡುವುದಿಲ್ಲ, ಈಗ ಇರುವುದನ್ನು ತೋರಿಸುತ್ತದೆ ಅಷ್ಟೇ. ಕಂಟೇನರ್ ತೆಗೆದು ಹೊಸದು ಹಾಕಿದರೆ ಹಳೇ ಲಾಗ್ ಹೋಯಿತು. ಇತ್ತ ಡಾಕರ್ ಲಾಗಿಗೆ ನಾವು ಮಿತಿ ಹಾಕದಿದ್ದರೆ ಅದು ಬೆಳೆಯುತ್ತಲೇ ಹೋಗಿ, ಒಂದು ದಿನ ಡಿಸ್ಕ್ ತುಂಬಿ ಡೇಟಾಬೇಸೇ ನಿಲ್ಲುತ್ತದೆ. ಹಾಗಾಗಿ ಡಾಕರಿಗೆ ಇಷ್ಟು ದೊಡ್ಡದಾದರೆ ಸಾಕು, ಇಷ್ಟು ಫೈಲ್ ಇದ್ದರೆ ಸಾಕು ಅಂತ ಮಿತಿ ಹಾಕು. ದಿನಕ್ಕೊಮ್ಮೆ ಲಾಗನ್ನು ಬೇರೆ ಕಡೆ ತೆಗೆದಿಡುವ ಏರ್ಪಾಡನ್ನೂ ಮಾಡು. ನಾನು ಮೇಲೆ ಹೇಳಿದ ಅದೇ ನಿರ್ದೇಶನದ ಪ್ರಕಾರ ಲಾಗನ್ನು 180 ದಿನ ಭಾರತದೊಳಗೇ ಇಟ್ಟಿರಬೇಕು. ಹಾಗೆಯೇ, ಸರ್ವರ್ ಪೂರ್ತಿ ಮಲಗಿದರೆ ಅದರ ಮೇಲೇ ಇರುವ ಡಾಜಲ್ ಕೂಡ ಮಲಗುತ್ತದೆ. ಇನ್ನೊಂದು ಯಂತ್ರದಿಂದ ಆಗಾಗ "ಇದ್ದೀಯಾ?" ಅಂತ ಕೇಳಿ, ಉತ್ತರ ಬಾರದಿದ್ದರೆ ಮೆಸೇಜ್ ಕಳಿಸುವ ಅಪ್‌ಟೈಮ್ ಕುಮಾದಂಥದ್ದು ಒಂದಿರಲಿ. ನಮ್ಮ ಮನೆಯ ಹಳೇ ಕಂಪ್ಯೂಟರಿಗೆ ಇನ್ವರ್ಟರ್ ಇದೆ, ಬೇಕಾದರೆ ಇಲ್ಲೇ ಹಾಕೋಣ. ಸಾಗರದ ಕರೆಂಟನ್ನು ನೀನು ನಂಬುವುದಿಲ್ಲ ಅಂತ ಗೊತ್ತು, ತೀರ್ಥಹಳ್ಳಿಯವರಿಗೆ ಯಾವಾಗಲೂ ತಮ್ಮ ಊರಿನದೇ ಮೇಲು.

ಎಲ್ಲ ಹಾಕಿಯಾದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳಬೇಡ ಪುಟ್ಟಿ. ನಿಜವಾದ ಕೆಲಸ ಇರುವುದು ಮನುಷ್ಯರ ಹತ್ತಿರ. ಮೊದಲು ಹೊಸನಗರದ ಗುಮಾಸ್ತರಿಗೆ ಕಲಿಸು. ಅವರು ಕಂಪ್ಯೂಟರಿಗೆ ಹೆದರುತ್ತಾರೆ ಅಂತ ನೀನು ಅನ್ನುತ್ತೀ. ಎಷ್ಟೋ ವರ್ಷ ಅಡಿಕೆ ರಾಶಿಯ ಮುಂದೆ ಕೂತು ಇದು ಬೆಟ್ಟೆ, ಇದು ಗೊರಬಲು ಅಂತ ಕಣ್ಣಿನಲ್ಲೇ ಬೇರೆ ಮಾಡಿದವರು ಅವರು. ನೂರು ಸಾಲಿನಲ್ಲಿ ಬೇರೆ ಬಣ್ಣದ ಒಂದು ಸಾಲು ಅವರ ಕಣ್ಣಿಗೆ ನಿನಗಿಂತ ಬೇಗ ಬೀಳುತ್ತದೆ. ಅವರ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಮೌಸ್ ಅವರ ಕೈಗೇ ಕೊಟ್ಟು, ಅವರೇ ಒಂದು ರಸೀದಿ ಮಾಡಿ ಅದರ ಸಾಲು ಆಗಲೇ ಪರದೆಯ ಮೇಲೆ ಬರುವುದನ್ನು ನೋಡಲಿ. ತಾನು ಇಲ್ಲಿ ಒತ್ತಿದ್ದು ಅಲ್ಲಿ ಹೋಗಿ ಮುಟ್ಟಿತು ಅಂತ ಕಣ್ಣಾರೆ ಕಂಡರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ.

ಆಮೇಲೆ ಮೂರೇ ಮಾತು ಬರೆದು ಗೋಡೆಗೆ ಅಂಟಿಸು, ಕನ್ನಡದಲ್ಲಿ. ನಮ್ಮ ಶಾಖೆಯ ಸಾಲು ಬಾರದಿದ್ದರೆ ಲೈನಿನವರಿಗೆ ಫೋನ್ ಮಾಡಿ. ಕೆಂಪು ಸಾಲು ಬಂದರೆ ಸಮಯ ಬರೆದಿಟ್ಟು ಗ್ರೂಪಿಗೆ ಹಾಕಿ. ಮೂರೂ ಶಾಖೆ ಒಟ್ಟಿಗೆ ನಿಂತರೆ ಮಾತ್ರ ಆ ದಿನದ ಪಾಳಿಯವರಿಗೆ ಫೋನ್ ಮಾಡಿ. ಆ ದಿನದ ಪಾಳಿಯವರಿಗೆ ಅಂತ ಬರೆ, ನಿನ್ನ ಹೆಸರು ಬರೆಯಬೇಡ. ಸಾಗರದ ಮ್ಯಾನೇಜರ್‌ಗೂ ಒಂದು ವಾರ ಪಾಳಿ ಬರಲಿ. ಲಾಗ್ ನೋಡಿ ಇವರು ಎಷ್ಟು ಹೊತ್ತಿಗೆ ಬಂದರು, ಅವರು ಎಷ್ಟು ರಸೀದಿ ಮಾಡಿದರು ಅಂತ ಲೆಕ್ಕ ಹಾಕಲು ಯಾರಾದರೂ ಹೊರಟರೆ ಮೊದಲ ದಿನವೇ ತಡೆ. ಜನರನ್ನು ಕಾಯುವುದಕ್ಕೆ ಇಟ್ಟದ್ದು ಅಂತ ಒಮ್ಮೆ ಅನ್ನಿಸಿದರೆ ಆ ಪುಟವನ್ನು ಯಾರೂ ಪ್ರೀತಿಯಿಂದ ತೆರೆಯುವುದಿಲ್ಲ. ಕಷ್ಟ ಬಂದಾಗ ಒಬ್ಬರಿಗೊಬ್ಬರು ಆಗುವುದಕ್ಕೆ ಇದು ಅಂತ ಎಲ್ಲರಿಗೂ ಗೊತ್ತಿರಲಿ.

ಗೌರಿ ಹಬ್ಬಕ್ಕೆ ಚಿಕ್ಕಮ್ಮನನ್ನೂ ಕರೆದುಕೊಂಡು ಬಾ. ಕೆಸುವಿನ ಎಲೆ ಚೆನ್ನಾಗಿ ಬಂದಿದೆ, ಪತ್ರೊಡೆ ಮಾಡುತ್ತೇನೆ. ಅಪ್ಪೆಮಿಡಿ ಭರಣಿಯನ್ನು ನಿನಗೆ ಅಂತಲೇ ತೆಗೆದಿಟ್ಟಿದ್ದೇನೆ. ಹಬ್ಬದೊಳಗೆ ಹೊಸನಗರದವರಿಗೆ ಕಲಿಸಿ ಮುಗಿಸು, ಎಲ್ಲಾದರೂ ತೊಡಕಾದರೆ ರಾತ್ರಿ ಎಂಟರ ಮೇಲೆ ನನಗೆ ಫೋನ್ ಮಾಡು, ಇಬ್ಬರೂ ಸೇರಿ ನೋಡೋಣ. ಬರುವಾಗ ಮಾತ್ರ ಲ್ಯಾಪ್‌ಟಾಪ್ ತೀರ್ಥಹಳ್ಳಿಯಲ್ಲೇ ಬಿಟ್ಟು ಬರಬೇಕು. ಆ ಎರಡು ದಿನದ ಪಾಳಿ ಗುಮಾಸ್ತರದ್ದು ಅಂತ ಈಗಲೇ ಅವರಿಗೆ ಹೇಳಿಡು, ಖುಷಿಯಿಂದ ಒಪ್ಪುತ್ತಾರೆ.

ಚಿಕ್ಕಪ್ಪನಿಗೆ ನನ್ನ ನಮಸ್ಕಾರ ತಿಳಿಸು.

ಇತಿ ನಿನ್ನ ಪ್ರೀತಿಯ,
ಸಾಗರದ ಅಕ್ಕ